ನಾನೂರ ಏಳನೆಯ ಕೋಣೆಯಲ್ಲಿ ಯಾರೂ ಇಲ್ಲ

ಚಾಂದಸಾಬ ಪಟ್ಟಕ್ಕೆ ಬಂದ ಮೂರನೆಯ ದಿನ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಅವನ ರಾಜ್ಯದಲ್ಲಿ ಇದ್ದಕ್ಕಿದ್ದಂತೆ ಸೂರ್ಯ ಮುಳುಗಿದ.

ದರಬಾರು ತುಂಬಿತ್ತು. ಮಹಾರಾಜರ ನಿಲುವಂಗಿಯನ್ನು ಕಡಿದ ಆರೋಪದ ಮೇಲೆ ಏಳು ಇಲಿಗಳನ್ನು ಹಿಡಿದು ತಂದು ಸಾಲಾಗಿ ನಿಲ್ಲಿಸಿದ್ದರು. ಅವುಗಳಲ್ಲಿ ಹಿರಿಯ ಇಲಿ ಮುಂದೆ ಬಂದು, ಮೀಸೆ ತೀಡಿಕೊಂಡು, "ಹುಜೂರ್, ನಮ್ಮದೂ ಹೊಟ್ಟೆಪಾಡು" ಎಂದು ವಾದ ಶುರುಮಾಡಿತ್ತು. ಅಷ್ಟರಲ್ಲಿ ಕತ್ತಲು. ಚಾಂದಸಾಬ ಎರಡು ಸಲ ಕಣ್ಣು ಪಿಳುಕಿಸಿದ. ಸಿಂಹಾಸನ ಮರದ ಸ್ಟೂಲಾಯಿತು, ಇಲಿಗಳು ಮಾಯವಾದವು, ತೊಡೆಯ ಮೇಲೆ ನಿಲುವಂಗಿ ಮಾತ್ರ ಹಾಗೆಯೇ ಉಳಿಯಿತು.

ನಿಲುವಂಗಿ ನಿಜವಾದದ್ದೇ. ಇಲಿ ಕಡಿದದ್ದೂ ನಿಜ. ಅಂಧೇರಿಯ ಆರು ಮಹಡಿಯ ಆಫೀಸು ಬಿಲ್ಡಿಂಗಿನಲ್ಲಿ ಶಶಿಕಾಂತ ಸೇಠರ ವೇಷಭೂಷಣ ಭಂಡಾರ ನಾಲ್ಕನೆಯ ಮಹಡಿಯಲ್ಲಿತ್ತು. ಸೇಠರ ತಂದೆ ಉಡುಪಿ ಕಡೆಯಿಂದ ಬಂದು ಮುಂಬೈಯ ಯಕ್ಷಗಾನ ಮೇಳಗಳಿಗೆ ಕಿರೀಟ, ಭುಜಕೀರ್ತಿ ಬಾಡಿಗೆಗೆ ಕೊಡುತ್ತಿದ್ದವರು. ಮಗ ಅದನ್ನೇ ಬೆಳೆಸಿ ಟೀವಿ ಧಾರಾವಾಹಿಗಳಿಗೆ ರಾಜ, ಪೊಲೀಸ್, ವಕೀಲ, ದೆವ್ವ ಎಲ್ಲರ ಬಟ್ಟೆಯನ್ನೂ ಒದಗಿಸುತ್ತಿದ್ದರು. ಅವುಗಳಲ್ಲಿ ಹರಿದದ್ದು, ಸುಟ್ಟದ್ದು, ಕಡಿದದ್ದು ಏನಿದ್ದರೂ ನಾನೂರ ಏಳನೆಯ ಕೋಣೆಗೆ, ರಫೂಗಾರ ಚಾಂದಸಾಬನ ಮುಂದೆ ಬರುತ್ತಿತ್ತು. ರಫೂ ಎಂದರೆ ತೇಪೆ ಹಾಕುವುದಲ್ಲ. ಬಟ್ಟೆಯ ಅಂಚಿನಿಂದಲೇ ಒಂದೊಂದು ಎಳೆ ಬಿಡಿಸಿಕೊಂಡು, ಕೂದಲಿನಷ್ಟು ಸಣ್ಣ ಸೂಜಿಯಿಂದ ಹರಿದ ಜಾಗವನ್ನು ಮತ್ತೆ ನೇಯುವುದು. ಆ ಕೆಲಸದಲ್ಲಿ ಅಲುಗಾಡುವುದು ಎರಡು ಬೆರಳಿನ ತುದಿ ಮಾತ್ರ. ಉಳಿದ ಚಾಂದಸಾಬ ಹತ್ತೊಂಬತ್ತು ವರ್ಷಗಳಿಂದ ಆ ಸ್ಟೂಲಿನ ಮೇಲೆ ಕಲ್ಲಾಗಿ ಕೂತಿದ್ದ.

ಕೂತಿದ್ದ ಎನ್ನುವುದೂ ಪೂರ್ತಿ ಸರಿಯಲ್ಲ. ಯಾರ ಬಟ್ಟೆ ತೊಡೆಯ ಮೇಲಿರುತ್ತದೋ ಅವನೇ ತಾನಾಗಿ ಎಲ್ಲೆಲ್ಲಿಗೋ ಹೊರಟುಬಿಡುವುದು ಅವನ ಅಭ್ಯಾಸ. ಪೊಲೀಸ್ ಅಂಗಿ ಬಂದ ವಾರ ಧಾರಾವಿಯ ತನ್ನ ಗಲ್ಲಿಯಲ್ಲಿ ನೀರಿಗೆ ನಿಂತವರ ಸಾಲನ್ನು ಗದರಿಸಿ ನೆಟ್ಟಗೆ ಮಾಡಲು ಹೋಗಿ ಬೈಸಿಕೊಂಡಿದ್ದ. ದೆವ್ವದ ಬಿಳಿ ಸೀರೆ ಬಂದಾಗ ಮಾಹಿಮ್‌ನಲ್ಲಿ ಇಳಿಯುವುದನ್ನು ಮರೆತು ಲೋಕಲ್ಲಿನಲ್ಲಿ ಚರ್ಚ್‌ಗೇಟ್‌ವರೆಗೆ ತೇಲಿಹೋಗಿದ್ದ. ಈಗ ರಾಜನ ಸರದಿ. ಹಳೆಯ ಕಾಲದ ದಪ್ಪ ರೇಷ್ಮೆ, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಬೆನ್ನಿನ ಮೇಲೆ ಅಂಗೈಯಗಲ ಇಲಿ ಕಡಿದಿತ್ತು. ತಿಂಗಳ ಕೊನೆಗೆ ಧಾರಾವಾಹಿಯಲ್ಲಿ ಪಟ್ಟಾಭಿಷೇಕ. ಅಷ್ಟರೊಳಗೆ ರಾಜನ ಬೆನ್ನು ಸರಿಯಾಗಬೇಕಿತ್ತು.

ಕತ್ತಲಾದ ಕೂಡಲೇ ಚಾಂದಸಾಬ ಏನು ಮಾಡಿದ? ಏನೂ ಮಾಡಲಿಲ್ಲ. ಅವನು ಹುಟ್ಟಿ ಬೆಳೆದದ್ದು ಇಂಡಿ ತಾಲೂಕಿನಲ್ಲಿ. ಅಲ್ಲಿ ಕರೆಂಟು ಹೋದರೆ ಕೂತವರು ಕೂತಲ್ಲೇ ಇರಬೇಕು, ಎದ್ದರೆ ಕೊಡ ಉರುಳುತ್ತದೆ, ಇಲ್ಲವೆ ಮಲಗಿದ ಕೂಸಿನ ಮೇಲೆ ಕಾಲು ಬೀಳುತ್ತದೆ ಎಂದು ತಾಯಿ ಕಲಿಸಿದ್ದಳು. ಮೇಲಾಗಿ ಕೈಯಲ್ಲಿ ಸೂಜಿ. ಕೋಣೆಗಿದ್ದ ಒಂದೇ ಕಿಟಕಿಗೆ, ಬಿಸಿಲಿಗೆ ಬಟ್ಟೆಯ ಬಣ್ಣ ಹೋಗಬಾರದೆಂದು ಕಪಾಟು ಅಡ್ಡ ಇಟ್ಟಿದ್ದರು. "ಲೋಡ್ ಶೆಡ್ಡಿಂಗ್" ಎಂದು ತನಗೆ ತಾನೇ ಹೇಳಿಕೊಂಡು, ಉಸಿರು ಸಣ್ಣಗೆ ಮಾಡಿ, ಅವನು ಕರೆಂಟಿನ ದಾರಿ ಕಾಯುತ್ತ ಕೂತ.

ಕರೆಂಟು ಎಲ್ಲಿಗೂ ಹೋಗಿರಲಿಲ್ಲ. ಅಂದು, ತಿಂಗಳ ಒಂದನೆಯ ತಾರೀಖಿನ ಮಧ್ಯಾಹ್ನದಿಂದ, ಬಿಲ್ಡಿಂಗು ಸ್ಮಾರ್ಟ್ ಆಗಿತ್ತು. ಪ್ರತಿ ಕೋಣೆಯ ಮಾಡಿಗೂ, ಹೊರಗಿನ ಕಾರಿಡಾರಿಗೂ ಒಂದೊಂದು ಬಿಳಿಯ ಗುಂಡು ಸೆನ್ಸರ್ ಅಂಟಿಸಿದ್ದರು. ಮನುಷ್ಯರು ಓಡಾಡಿದರೆ ದೀಪ, ಎ.ಸಿ. ತಾವಾಗಿಯೇ ಶುರುವಾಗುತ್ತವೆ, ಏಳು ನಿಮಿಷ ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದು ತಿಳಿದು ಆರಿಹೋಗುತ್ತವೆ. ಬಿಲ್ಡಿಂಗಿನ ಮ್ಯಾನೇಜರ್ ಸಚಿನ ಎರಡು ದಿನ ಮೊದಲೇ ಎಲ್ಲರನ್ನೂ ಕೆಳಗೆ ಕೂಡಿಸಿ ಭಾಷಣ ಮಾಡಿದ್ದ. ಬಿಲ್ಲು ಮೂರನೇ ಒಂದು ಪಾಲು ಇಳಿಯುತ್ತದೆ, ಖಾಲಿ ಕುರ್ಚಿಗಳಿಗೆ ತಂಪುಗಾಳಿ ಹಾಕುವುದು ನಿಲ್ಲುತ್ತದೆ, ಎಲ್ಲಿ ನಲ್ಲಿ ಸೋರಿದರೂ ಮೊಬೈಲಿಗೆ ಸುದ್ದಿ ಬರುತ್ತದೆ ಎಂದಿದ್ದ. ಚಾಂದಸಾಬನೂ ಹೋಗಿ ಮೊದಲ ಸಾಲಿನಲ್ಲೇ ಕೂತಿದ್ದ. ಆದರೆ ಅವತ್ತೇ ಬೆಳಿಗ್ಗೆ ಪಟ್ಟಕ್ಕೆ ಬಂದಿದ್ದರಿಂದ, ಯಾರೋ ಪ್ರಜೆ ಅಹವಾಲು ಹೇಳಿಕೊಳ್ಳುತ್ತಿದ್ದಾನೆಂದು ಉದಾರವಾಗಿ ತಲೆಯಾಡಿಸಿ ಎದ್ದುಬಂದಿದ್ದ.

ಹೀಗಾಗಿ ನಾನೂರ ಏಳನೆಯ ಕೋಣೆಯಲ್ಲಿ, ದೀಪ ಬರಲೆಂದು ಚಾಂದಸಾಬ ಅಲುಗಾಡದೆ ಕಾದ. ಚಾಂದಸಾಬ ಅಲುಗಾಡಲೆಂದು ದೀಪ ಕಾಯಿತು. ಇಬ್ಬರೂ ತಾಳ್ಮೆಯವರು. ಒಂದು ತಾಸು ಹತ್ತು ನಿಮಿಷ ಹೀಗೆಯೇ ಹೋಯಿತು.

ಕೊನೆಗೆ ಬಾಗಿಲು ತೆರೆದದ್ದು ಕಸಬರಿಗೆ ಹಿಡಿದ ಸೋಮವ್ವ. ಕಲಬುರಗಿ ಕಡೆಯವಳು, ಆ ಮಹಡಿಯ ಕಸ ಗುಡಿಸುವವಳು. ಅವಳು ಒಳಗೆ ಕಾಲಿಟ್ಟದ್ದೇ ತಡ, ದೀಪಗಳೆಲ್ಲ ಭಗ್ಗೆಂದು ಹೊತ್ತಿಕೊಂಡವು.

"ಯವ್ವಾ! ಸಾಬಣ್ಣಾ, ಕತ್ತಲದಾಗ ದೆವ್ವ ಕುಂತಂಗ ಕುಂತಿಯಲ್ಲೋ! ನನ್ನ ಎದಿ ಒಡದಿತ್ತು ಈಗ."

"ಕರೆಂಟ್ ಹೋಗಿತ್ತು ತಂಗಿ. ನೀ ಬರೂದಕ್ಕೂ ಅದು ಬರೂದಕ್ಕೂ ಸರಿ ಆತು."

ಸೋಮವ್ವ ಗುಡಿಸಿ ಹೋದಳು. ಏಳು ನಿಮಿಷಕ್ಕೆ ಮತ್ತೆ ಕತ್ತಲು. ಮರುದಿನವೂ ಹೀಗೆ, ಅದರ ಮರುದಿನವೂ ಹೀಗೆ. ಸೋಮವ್ವ ಬಂದರೆ ದೀಪ ಬರುತ್ತದೆ, ಅವಳು ಹೋದರೆ ಸ್ವಲ್ಪ ಹೊತ್ತು ಮುಲಾಜಿಗೆ ಇದ್ದು ಅದೂ ಹೋಗುತ್ತದೆ. ಐದನೆಯ ದಿನ ಚಾಂದಸಾಬನಿಗೆ ಸತ್ಯ ಹೊಳೆಯಿತು: ದೀಪಕ್ಕೆ ಸೋಮವ್ವನ ಗುರುತಿದೆ, ತನ್ನ ಗುರುತಿಲ್ಲ. ಇದು ಅವನಿಗೆ ಬಹಳ ನೋವು ಕೊಟ್ಟಿತು. ಏಕೆಂದರೆ ಭಾಷಣದಲ್ಲಿ ಕಿವಿಗೆ ಬಿದ್ದ ಒಂದು ತುಣುಕನ್ನೇ ಹಿಡಿದು ಅವನು ಗಲ್ಲಿಯಲ್ಲಿ ಎಲ್ಲರೆದುರು, "ನಮ್ಮ ಬಿಲ್ಡಿಂಗ್ ಈಗ ಮನಷ್ಯಾನ ಗುರುತ ಹಿಡೀತೈತಿ. ನಾ ಒಳಗ ಕಾಲಿಟ್ರ ಸಾಕು, ದೀಪ ಎದ್ದು ನಿಂದರತೈತಿ" ಎಂದು ಜಂಬ ಕೊಚ್ಚಿಕೊಂಡು ಆಗಿತ್ತು. ಹೆಂಡತಿ ಬೀಬೀಜಾನ ಅದನ್ನು ಇನ್ನಷ್ಟು ಬೆಳೆಸಿ ಓಣಿಯ ತುದಿಯವರೆಗೆ ಹಂಚಿದ್ದಳು.

ಪರಊರಿನಿಂದ ಮುಂಬೈಗೆ ಬಂದು ನೆಲೆಸಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಎಲ್ಲಿ ತನ್ನನ್ನು ಇಲ್ಲವೆನ್ನುತ್ತಾರೋ ಅಲ್ಲಿಗೆ ಕಾಗದ ತೆಗೆದುಕೊಂಡು ಹೋಗಬೇಕು. ಚಾಂದಸಾಬ ಒಂದು ಅರ್ಜಿ, ಆಧಾರ್ ಕಾರ್ಡಿನ ಎರಡು ಝೆರಾಕ್ಸು, ಎರಡು ಫೋಟೋ ಹಿಡಿದು ಸಚಿನನ ಮೇಜಿನ ಮುಂದೆ ನಿಂತ. ಸಚಿನನ ಅಪ್ಪ ಬೀದರ್ ಕಡೆಯವನಾದರೂ ಮಗ ಹುಟ್ಟಿದ್ದು ಮುಲುಂಡಿನಲ್ಲಿ. ಕನ್ನಡ ತಿಳಿಯುತ್ತಿತ್ತು, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಬಂದು ಕೈಹಿಡಿಯುತ್ತಿತ್ತು.

"ಯೇ ಕ್ಯಾ ಹೈ ಚಾಚಾ?"

"ಅರ್ಜಿ ರೀ ಸಾಹೇಬ್ರ. ದೀಪದ ಯಾದಿಯೊಳಗ ನನ್ನ ಹೆಸರು ಸೇರಸ್ರಿ. ಹತ್ತೊಂಬತ್ತು ವರ್ಸದಿಂದ ಇಲ್ಲೇ ಅದೀನಿ. ಸೋಮವ್ವ ಬಂದದ್ದು ಮೊನ್ನಿ ಮೊನ್ನಿ, ಆಕಿ ಹೆಸರು ಐತಿ."

ಸಚಿನ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಲೈಟಿಗೆ ನಾಮ್ ಬೇಡ ಚಾಚಾ. ಮೇಲೆ ಸೆನ್ಸರ್ ಇದೆ. ಹಾಥ್ ಹಿಲಾವ್, ಬಸ್. ಹೀಗೆ" ಎಂದು ಕೈಯನ್ನು ಹಣೆಯವರೆಗೆ ಎತ್ತಿ ಆಡಿಸಿ ತೋರಿಸಿದ.

ಚಾಂದಸಾಬನಿಗೆ ಈಗ ಎಲ್ಲ ಸ್ಪಷ್ಟವಾಯಿತು. ದೀಪಕ್ಕೆ ಸಲಾಂ ಬೇಕು. ದೊಡ್ಡವರ ಮನೆಯ ಕಾವಲುಗಾರನಿಗೂ ಬೇಕಾಗುತ್ತದೆ, ಇದಕ್ಕೂ ಬೇಕು, ತಪ್ಪೇನು? ಅಂದು ಮಧ್ಯಾಹ್ನ ಕತ್ತಲಾದಾಗ ಎದ್ದು ನಿಂತು ಮಾಡಿನ ಕಡೆಗೆ ಅದಬಿನಿಂದ ಸಲಾಂ ಹೊಡೆದ. ದೀಪ ಬಂತು. ಅವನ ಕಣ್ಣಲ್ಲಿ ನೀರೇ ಬಂತು.

ಆದರೆ ಈ ವ್ಯವಸ್ಥೆ ಒಂದು ವಾರವೂ ನಡೆಯಲಿಲ್ಲ. ಏಳು ನಿಮಿಷಕ್ಕೊಮ್ಮೆ ಎದ್ದು ಬಲ್ಬಿಗೆ ಸಲಾಂ ಹೊಡೆಯುವ ರಾಜನನ್ನು ಯಾವ ದರಬಾರು ಮರ್ಯಾದೆಯಿಂದ ನೋಡುತ್ತದೆ? ಇಲಿಗಳು ಮುಸಿಮುಸಿ ನಗತೊಡಗಿದವು. ಎದ್ದಾಗಲೆಲ್ಲ ಎಳೆ ಹರಿಯುತ್ತಿತ್ತು, ಕೂತು ಮತ್ತೆ ಎಳೆ ಹುಡುಕುವಷ್ಟರಲ್ಲಿ ಇನ್ನೊಂದು ಸಲಾಮಿನ ಹೊತ್ತಾಗುತ್ತಿತ್ತು. ಕೊನೆಗೆ ಅವನು ಸಲಾಂ ಬಿಟ್ಟ. ಕತ್ತಲಿದ್ದಷ್ಟು ಹೊತ್ತು ಕತ್ತಲಲ್ಲೇ ರಾಜ್ಯವಾಳುತ್ತ, ಸೋಮವ್ವ ಬಂದಾಗ ನಾಲ್ಕು ಎಳೆ ನೇಯುತ್ತ ದಿನ ನೂಕಿದ.

ಹದಿನೈದನೆಯ ತಾರೀಖು ಶಶಿಕಾಂತ ಸೇಠರು ಅವನನ್ನು ಕರೆಸಿದರು. ಅವರ ಮೊಬೈಲಿನಲ್ಲಿ ಬಿಲ್ಡಿಂಗಿನ ಯಂತ್ರ ಕಳಿಸಿದ ರಿಪೋರ್ಟು ತೆರೆದಿತ್ತು.

"ಎಂತ ಚಾಂದಸಾಬ್ರೆ, ಇದು ಎಂತ? ನಾನೂರ ಏಳು, ದಿನಕ್ಕೆ ಸರಾಸರಿ ನಲವತ್ತೊಂದು ನಿಮಿಷ ಜನ ಉಂಟು. ಉಳಿದ ಹೊತ್ತು ಖಾಲಿ ಅಂತೆ. ನೀವು ಹೋಗುದು ಎಲ್ಲಿಗೆ?"

ಚಾಂದಸಾಬ ಹೀಗೆ ಹೊರಟುಹೋಗುವ ಸಂಗತಿ ಹತ್ತೊಂಬತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ. ಈ ಯಂತ್ರಕ್ಕೆ ಎರಡೇ ವಾರದಲ್ಲಿ ಹೇಗೆ ತಿಳಿಯಿತು? ಅವನು ಕಳ್ಳನಂತೆ ತಲೆ ತಗ್ಗಿಸಿದ. ಸೇಠರು ಅದನ್ನು ತಪ್ಪೊಪ್ಪಿಗೆ ಎಂದು ತಿಳಿದರು.

"ನಾನು ನಿಮ್ಮನ್ನು ಒಳ್ಳೆಯವರು ಅಂತ ನಂಬಿದ್ದೆ ಮಾರಾಯ್ರೆ. ಬಿಲ್ಡಿಂಗಿನವರು ಖಾಲಿ ಕೋಣೆ ಎಲ್ಲ ಸೇರಿಸಿ ಕಾಫಿ ಅಂಗಡಿ ಮಾಡ್ತಾರಂತೆ, ನಿಮ್ಮದು ಬಿಡ್ತೀರಾ ಅಂತ ಕೇಳಿದ್ದಾರೆ. ತಿಂಗಳ ಕೊನೆಗೂ ಹೀಗೇ ಬಂದ್ರೆ ನಾನು ಬಿಡುದೇ. ಕೋಣೆ ಇಲ್ಲ ಅಂದ್ಮೇಲೆ ನೀವು ಊರಿಗೆ ಹೋಗುದೇ."

"ನಾ ಅಲ್ಲೇ ಇರ್ತೇನ್ರಿ ಸೇಠ್…"

"ಮಿಷನ್ ಸುಳ್ಳು ಹೇಳುದಿಲ್ಲ. ಸುಳ್ಳು ಹೇಳಿ ಅದಕ್ಕೆ ಎಂತ ಸಿಗ್ಲಿಕ್ಕುಂಟು?"

ಚಾಂದಸಾಬ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ. ಐವತ್ತೆಂಟು ವಯಸ್ಸು. ಕೈಗೆ ಬರುವುದು ಇದೊಂದೇ ಕೆಲಸ. ಹರಿದ ಬಟ್ಟೆಯನ್ನು ಬಿಸಾಡಿ ಹೊಸದು ಕೊಳ್ಳುವ ಈ ಊರಿನಲ್ಲಿ ರಫೂಗೆಂದೇ ಇನ್ನೊಂದು ಕೋಣೆ ಯಾರೂ ಇಡುವುದಿಲ್ಲ. ಈ ನಾಲ್ಕು ಗೋಡೆ ಹೋದರೆ ರಾಜ, ವಕೀಲ, ಪೊಲೀಸ್ ಎಲ್ಲರೂ ಹೋದಂತೆ. ಅವನಿಗೆ ನಿಜವಾಗಿಯೂ ಅಳು ಬಂತು. ಅಳುವಾಗ ಭುಜ ಅಲುಗಾಡಿದ್ದರಿಂದ ದೀಪ ಆರಲಿಲ್ಲ.

ಅದೇ ಅವನಿಗೆ ದಾರಿ ತೋರಿಸಿತು. ಏನಾದರೂ ಒಂದು ಅಲುಗಾಡುತ್ತಿರಬೇಕು, ಅಷ್ಟೇ ತಾನೇ? ಅದು ತಾನೇ ಆಗಬೇಕೆಂದೇನಿದೆ? ದರಬಾರಿನಲ್ಲಿ ಹದಿನೈದು ದಿನದಿಂದ ಬರೀ ಇಲಿಗಳ ಖಟ್ಲೆ ನಡೆದು ಎಲ್ಲರಿಗೂ ಬೇಸರ ಬಂದಿತ್ತು. ಒಂದು ನಾಚ್ ಇದ್ದರೆ ಚೆನ್ನಾಗಿತ್ತು. ರಫೂಗೆ ಬಂದ ಗಂಟಿನಲ್ಲಿ ಆಸ್ಥಾನ ನರ್ತಕಿಯ ಗುಲಾಬಿ ಘಾ‌ಗ್ರಾ, ಜರಿಯ ದುಪಟ್ಟಾ ಇದ್ದವು. ಚಾಂದಸಾಬ ಅವೆರಡನ್ನೂ ಹ್ಯಾಂಗರಿಗೆ ಸಿಕ್ಕಿಸಿ, ಮಾಡಿನ ಕೊಂಡಿಗೆ ತೂಗುಹಾಕಿ, ಮೂಲೆಯ ಹಳೆಯ ಟೇಬಲ್ ಫ್ಯಾನನ್ನು ಅದರ ಎದುರಿಗಿಟ್ಟು ಹಚ್ಚಿದ. ಫ್ಯಾನು ಕತ್ತು ಹೊರಳಿಸಿದಾಗಲೆಲ್ಲ ಘಾಗ್ರಾ ಗಿರ್ರನೆ ತಿರುಗಿ, ದುಪಟ್ಟಾ ಮೇಲೆದ್ದು, ಮತ್ತೆ ನಾಚಿಕೊಂಡು ಇಳಿಯುತ್ತಿತ್ತು. ದೀಪ ಉರಿಯುತ್ತಲೇ ಇತ್ತು.

ಅಲ್ಲಿಂದ ಮುಂದಿನ ದಿನಗಳು ಅವನ ಆಳ್ವಿಕೆಯ ಸುವರ್ಣಕಾಲ. ಬಾಗಿಲು ಭದ್ರ ಮಾಡಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ನರ್ತಕಿ ಕುಣಿಯುತ್ತಿದ್ದಳು, ಇಲಿಗಳು ತಾಳ ಹಾಕುತ್ತಿದ್ದವು, ರೇಷ್ಮೆಯ ಎಳೆಗಳು ಒಂದರೊಳಗೊಂದು ಸದ್ದಿಲ್ಲದೆ ಸೇರಿಕೊಳ್ಳುತ್ತಿದ್ದವು. ಒಂದೇ ಒಂದು ವಿಷಯ ಮಹಾರಾಜರು ಮರೆತರು. ಸಂಜೆ ಮನೆಗೆ ಹೋಗುವಾಗ ಫ್ಯಾನು ಆರಿಸುವುದು ರಾಜರ ಕೆಲಸವಲ್ಲವೆಂದು ಅವರು ಅದನ್ನು ಆರಿಸಲೇ ಇಲ್ಲ.

ಮುಂದಿನ ಭಾನುವಾರ, ಊಟ ಮುಗಿಸಿ ಚಾಂದಸಾಬ ಧಾರಾವಿಯ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಸೋಮವ್ವ ಬಂದಳು. ಅವಳ ಖೋಲಿ ಎರಡು ಓಣಿ ಆಚೆ. ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮಲಗಿದವನನ್ನು ಓರೆಗಣ್ಣಿನಿಂದ ನೋಡಿ, ದನಿ ತಗ್ಗಿಸಿದಳು.

"ಬೀಬೀಜಾನಕ್ಕಾ, ಹೇಳ್ಬೇಕೋ ಬ್ಯಾಡೋ ಗೊತ್ತಾಗವಲ್ದು. ಸಾಬಣ್ಣನ ಖೋಲ್ಯಾಗ ಒಬ್ಬಾಕಿ ಅದಾಳ."

"ಯಾಕಿ?"

"ಬಾಗಿಲಿನ ಮಂಜ ಗ್ಲಾಸಿನಾಗ ಮಾರಿ ಕಾಣೂದಿಲ್ಲ. ಗುಲಾಬಿ ಬಣ್ಣದ್ದು ಉಟ್ಟಾಳ. ಕುಣೀತಾಳವ್ವ, ಕುಣೀತಾಳ! ಬಾಗಿಲ ಬಡದ್ರ ತಗಿಯೂದಿಲ್ಲ."

ಬೀಬೀಜಾನ ನಕ್ಕುಬಿಟ್ಟಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನ್ನನ್ನೇ ಸರಿಯಾಗಿ ನೋಡಿದ್ದು ಎರಡು ಈದ್‌ಗೊಮ್ಮೆ. ಅಷ್ಟರಲ್ಲಿ ಫೋನು ಬಂತು. ಶಶಿಕಾಂತ ಸೇಠರ ದನಿ ಗಾಬರಿಯಲ್ಲಿತ್ತು.

"ಬೀಬೀಜಾನಮ್ಮ, ನಿಮ್ಮ ಗಂಡನನ್ನು ಸ್ವಲ್ಪ ಮನೆಗೆ ಕರೀರಿ. ಎಂಟು ದಿನ ಆಯ್ತು, ಹಗಲು ರಾತ್ರಿ ಕೋಣೆಯಲ್ಲೇ ಇದ್ದಾರೆ. ಊಟಕ್ಕೂ ಎದ್ದದ್ದಿಲ್ಲ ಅಂತ ರಿಪೋರ್ಟು ಉಂಟು. ನಾನು ಸಿಟ್ಟಲ್ಲಿ ಎರಡು ಮಾತು ಹೇಳಿದ್ದು ಹೌದು, ಹಾಗಂತ ಜೀವ ತೆಗೀಲಿಕ್ಕೆ ಹೇಳಿದ್ದಲ್ಲ."

"ಅವರು ಇಲ್ಲೇ ಮಲಗ್ಯಾರ್ರೀ ಸೇಠ್. ಗೊರಕಿ ಕೇಳ್ರಿ." ಬೀಬೀಜಾನ ಫೋನನ್ನು ಗಂಡನ ಮೂಗಿನ ಬಳಿ ಹಿಡಿದಳು.

"ಅದು ಆಗುದೇ ಇಲ್ಲ. ಮಿಷನ್ ಈಗಲೂ ತೋರಿಸ್ತಾ ಉಂಟು. ಒಳಗೆ ಒಬ್ಬರು ಇದ್ದಾರೆ."

ಬೀಬೀಜಾನ ಮಲಗಿದ್ದವನನ್ನು ಒಂದು ಸಲ ದಿಟ್ಟಿಸಿದಳು. ಅದೇ ಗಡ್ಡ, ಅದೇ ಬನಿಯನ್ನು. ಇವನಂತೂ ಇಲ್ಲಿದ್ದಾನೆ. ಹಾಗಾದರೆ ಭಾನುವಾರ ಬೀಗ ಹಾಕಿದ ಕೋಣೆಯಲ್ಲಿ ಇರುವುದು ಯಾರು?

"ನಾ ಏನಂದ್ನಿ?" ಸೋಮವ್ವ ಮೂಗಿನ ಮೇಲೆ ಬೆರಳಿಟ್ಟಳು. "ಆಕಿ ಅಲ್ಲೇ ವಸ್ತಿ ಅದಾಳ!"

ಬೀಬೀಜಾನ ಗಂಡನನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ ಅವನು ಎಂದಿನಂತೆ ಬೆಪ್ಪಾಗಿ ನೋಡುತ್ತಾನೆ, ತನಗೆ ನಗು ಬರುತ್ತದೆ, ಸಿಟ್ಟು ಹಾಳಾಗುತ್ತದೆ. ಅವಳು ಸಿಟ್ಟನ್ನು ಸೋಮವಾರದವರೆಗೆ ಜತನವಾಗಿ ಕಾಪಾಡಿಕೊಂಡಳು.

ಸೋಮವಾರ ಹನ್ನೊಂದು ಗಂಟೆಗೆ ನಾನೂರ ಏಳರ ಬಾಗಿಲ ಮುಂದೆ ನಾಲ್ವರು ಸೇರಿದರು. ಸೇಠರು, ಸಚಿನ, ಸೋಮವ್ವ, ಮತ್ತು ಬುರ್ಖಾದ ತೋಳು ಮಡಚಿಕೊಂಡ ಬೀಬೀಜಾನ. ಗಾಜಿನಾಚೆ ಗುಲಾಬಿ ಬಣ್ಣದ್ದೇನೋ ಮನಸೋಕ್ತ ಕುಣಿಯುತ್ತಿತ್ತು. ಸೇಠರು ಕನ್ನಡಕ ಒರೆಸಿಕೊಂಡರು. ಬಾಗಿಲು ಬಡಿದರೆ ಉತ್ತರವಿಲ್ಲ. ಸಚಿನ ಮೊಬೈಲ್ ಒತ್ತಿದ. ಬಾಗಿಲೂ ಸ್ಮಾರ್ಟ್ ಆಗಿತ್ತು, ತಾನೇ ತೆರೆದುಕೊಂಡಿತು. ಸೇಠರ ತಂದೆಯ ಕಾಲದಿಂದ ಕಿರೀಟ, ವೇಷ ಇರುವ ಕಡೆ ಚಪ್ಪಲಿ ಹಾಕುವಂತಿಲ್ಲ. ಆದ್ದರಿಂದ ಅಷ್ಟು ಆವೇಶದಲ್ಲಿಯೂ ನಾಲ್ವರೂ ಬಾಗಿ, ಚಪ್ಪಲಿ ಬೂಟು ಬಿಚ್ಚಿ, ಸಾಲಾಗಿಟ್ಟು ಒಳಗೆ ನುಗ್ಗಿದರು.

ಬೀಬೀಜಾನ ನೇರವಾಗಿ ನರ್ತಕಿಯ ಸೆರಗಿಗೇ ಕೈಹಾಕಿದಳು. ದುಪಟ್ಟಾ ಅವಳ ಕೈಗೆ ಬಂತು, ಘಾಗ್ರಾ ನೆಲಕ್ಕೆ ಬಿತ್ತು, ಹ್ಯಾಂಗರು ತೂಗಾಡಿತು. ಒಳಗೆ ಯಾರೂ ಇರಲಿಲ್ಲ. ಸಚಿನ ಫ್ಯಾನಿನ ಗುಂಡಿ ಒತ್ತಿ ನಿಲ್ಲಿಸಿದ.

"ಅಚ್ಛಾ!" ಎಂದ ಅವನು. "ಸೆನ್ಸರಿಗೆ ಉಲ್ಲೂ ಬನಾಯಾ."

ಸೇಠರ ಗಾಬರಿ ಸಿಟ್ಟಿಗೆ ತಿರುಗಿತು. "ಮೋಸ! ನಾನು ಇವರ ಜೀವಕ್ಕೆ ಹೆದರಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಫ್ಯಾನು ಹಚ್ಚಿಟ್ಟು ತಿರುಗಾಡ್ಲಿಕ್ಕೆ ಹೋಗುದಾ? ಎಲ್ಲಿ ಆ ಮನುಷ್ಯ?" ಎಂದು ಅಲ್ಲಿದ್ದ ಗೊಂಬೆಗಳಲ್ಲಿ ಒಂದರ ಭುಜದ ಮೇಲೆ ಕೈಯೂರಿ ನಿಂತರು. ಬಟ್ಟೆ ತೊಡಿಸಲು ಅಂಥ ಗೊಂಬೆಗಳು ಅಲ್ಲಿ ಆರೇಳು ಇದ್ದವು. "ಸಚಿನ್, ಈ ಕೋಣೆ ಇವತ್ತೇ ತಕೊಳ್ಳಿ. ಮುಗೀತು."

"ಒಂದ ಎಳಿ ಉಳದೈತಿ, ಹುಜೂರ್" ಎಂದಿತು ಗೊಂಬೆ.

ಸೇಠರು ಹಾರಿ ಹಿಂದಕ್ಕೆ ಬಂದರು. ಚಾಂದಸಾಬ ಯಾರ ಕಡೆಗೂ ನೋಡಲಿಲ್ಲ. ಇಲಿಗಳಿಗೆ ಅವನು ಆಗತಾನೇ ಕ್ಷಮೆ ಕೊಟ್ಟಿದ್ದ; ತೀರ್ಪಿಗೆ ಸಹಿ ಬಾಕಿಯಿತ್ತು. ಕೊನೆಯ ಎಳೆಯನ್ನು ತೂರಿಸಿ, ಎಳೆದು, ಹಲ್ಲಿನಿಂದ ಕಚ್ಚಿ ಬಿಡಿಸಿದ. ಆಮೇಲೆ ತಲೆಯೆತ್ತಿ ಹೆಂಡತಿಯನ್ನೂ ಸೇಠರನ್ನೂ ಒಟ್ಟಿಗೆ ಕಂಡು ತಬ್ಬಿಬ್ಬಾಗಿ, ನಿಲುವಂಗಿಯನ್ನು ಮೇಜಿನ ಮೇಲೆ ಹರಡಿದ.

ಸೇಠರು ಬೈಯಲೆಂದೇ ಬಗ್ಗಿದರು. ಬಗ್ಗಿದವರು ಹಾಗೆಯೇ ಇದ್ದರು. ಬೆನ್ನಿನ ಮೇಲೆ ಅಂಗೈಯಗಲ ಕಡಿದಿತ್ತಲ್ಲ, ಎಲ್ಲಿ? ಅವರು ಕನ್ನಡಕ ಹಣೆಗೇರಿಸಿ ಮೂಗು ರೇಷ್ಮೆಗೆ ತಾಗುವಷ್ಟು ಹತ್ತಿರ ಹೋದರು. ಸಚಿನ ಇನ್ನೊಂದು ಕಡೆಯಿಂದ ಬಗ್ಗಿದ. ಸೋಮವ್ವ ಸೊಂಟದ ಮೇಲಿನ ಕೈ ತೆಗೆಯದೆ ಇಣುಕಿದಳು. ಜಗಳಕ್ಕೆಂದು ಬಂದ ಬೀಬೀಜಾನಳೂ ದುಪಟ್ಟಾ ಹಿಡಿದುಕೊಂಡೇ ತಲೆ ತೂರಿಸಿದಳು. ನಾಲ್ಕು ತಲೆಗಳು ಒಂದಕ್ಕೊಂದು ತಾಗಿ, ಉಸಿರು ಹಿಡಿದು, ಆ ಹರಿದ ಜಾಗವನ್ನು ಹುಡುಕಿದವು. ರೇಷ್ಮೆಯ ಬಳ್ಳಿ ಭುಜದಿಂದ ಹೊರಟು ಸೊಂಟದವರೆಗೆ ಎಲ್ಲೂ ತಡವರಿಸದೆ ಹೋಗಿತ್ತು. ಗಳಿಗೆ ಕಳೆಯಿತು, ಇನ್ನೊಂದು ಗಳಿಗೆ ಕಳೆಯಿತು, ಯಾರೂ ಕದಲಲಿಲ್ಲ.

ಆಗ ಕತ್ತಲಾಯಿತು. ಎ.ಸಿ. ಉಸಿರು ಬಿಟ್ಟು ಸುಮ್ಮನಾಯಿತು. ಸಚಿನನ ಮೊಬೈಲು ಟಿಣ್ ಎಂದಿತು. ಅವನು ಅಭ್ಯಾಸಬಲದಿಂದ ಓದಿದ:

"ನಾನೂರ ಏಳು. ಕೋಣೆಯಲ್ಲಿ ಯಾರೂ ಇಲ್ಲ."

"ಹಾಗಾದ್ರೆ ನಾನು ಎಂತದು?" ಎಂದು ಕತ್ತಲಲ್ಲಿ ಸೇಠರ ದನಿ ಕೇಳಿತು.

ಸೋಮವ್ವ ಹೆಜ್ಜೆ ಕಿತ್ತಿಡಲು ಹೋದಳು. "ಯಾರೂ ಅಲ್ಲಾಡಬ್ಯಾಡ್ರಿ!" ಎಂದು ಚಾಂದಸಾಬ ಕೂಗಿದ. "ಸೂಜಿ ಕೆಳಗ ಬಿದ್ದೈತಿ."

ಬರಿಗಾಲುಗಳೆಲ್ಲ ನೆಲಕ್ಕೆ ಅಂಟಿಕೊಂಡವು. ಕೈ ಆಡಿಸಿದ್ದರೂ ದೀಪ ಬರುತ್ತಿತ್ತು. ಆದರೆ ಬರಿಗಾಲಿನ ಸುತ್ತ ಎಲ್ಲೋ ಸೂಜಿಯಿದೆ ಎಂದು ತಿಳಿದ ಮನುಷ್ಯನ ಕೈಯೂ ಅಲುಗಾಡುವುದಿಲ್ಲ. ಸಚಿನನ ಮೊಬೈಲಿನಲ್ಲಿ ಟಾರ್ಚ್ ಇತ್ತು; ಅದು ಅವನಿಗೂ ನೆನಪಾಗಲಿಲ್ಲ. ಮುಂಬೈಯ ಐದು ಜನ, ಸೋಮವಾರದ ಹನ್ನೊಂದೂವರೆಗೆ, ಎಲ್ಲಿಗೂ ಹೋಗಲಾಗದೆ ಕತ್ತಲಲ್ಲಿ ಸುಮ್ಮನೆ ನಿಂತರು. ದೂರದಲ್ಲಿ ಮೆಟ್ರೋ ಹಾದುಹೋದ ಸದ್ದು ಸಮುದ್ರದ ಸದ್ದಿನ ಹಾಗೆ ಬಂದು ಹೋಯಿತು. ರೇಷ್ಮೆಯ ವಾಸನೆ, ವೇಷಕ್ಕೆ ಹಚ್ಚುವ ಹಳೆಯ ಅರದಾಳದ ವಾಸನೆ ಎದ್ದಿತು. ಸೇಠರಿಗೆ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ಕಲಾವಿದರ ನಡುವೆ ಕಿರೀಟ ಹೊತ್ತು ಓಡಾಡುವ ಅಪ್ಪ ಕಂಡರು. ಅವರು ಆ ಕಡೆಗೆ ಎಷ್ಟು ದೂರ ಹೋದರೋ, ಬಹಳ ಹೊತ್ತಿನ ಮೇಲೆ ಮಾತಾಡಿದರು.

"ಚಾಂದಸಾಬ್ರೆ, ನೀವು ದಿನಾ ಹೀಗೇ ಕೂತದ್ದಾ?"

"ಹೂಂ ರೀ. ಮೊದಲ ಲೋಡ್ ಶೆಡ್ಡಿಂಗ್ ಅಂದ್ಕೊಂಡಿದ್ದೆ."

"ನನಗೆ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ?"

"ಮಿಷನ್ ಸುಳ್ಳ ಹೇಳೂದಿಲ್ಲ ಅಂದ್ರೆಲ್ಲರೀ."

ಸೇಠರು ಕತ್ತಲಲ್ಲೇ ದನಿ ಏರಿಸಿದರು. "ಸಚಿನ್, ನಿಮ್ಮ ಕಾಫಿ ಅಂಗಡಿ ಬೇರೆ ಕಡೆ ಮಾಡಿ. ಈ ಕೋಣೆ ನಾನು ಬಿಡುದಿಲ್ಲ."

ಬೀಬೀಜಾನ ಕತ್ತಲಲ್ಲಿ ಗಂಡನಿದ್ದ ಕಡೆಗೆ ಅರ್ಧ ಹೆಜ್ಜೆ ಇಟ್ಟಳು.

"ಯಾ ಅಲ್ಲಾ!"

ಸೂಜಿ ಸಿಕ್ಕಿತ್ತು. ಅವಳು ಒಂಟಿಗಾಲಿನಲ್ಲಿ ಕುಣಿದ ಕುಣಿತಕ್ಕೆ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

ಅದೇ ವಾರ ಸಚಿನ ಸ್ಟೂಲಿನ ನೇರ ಮೇಲಕ್ಕೆ ಹೊಸದೊಂದು ಸೆನ್ಸರ್ ತಂದು ಹಾಕಿಸಿದ. ಮನುಷ್ಯ ಉಸಿರಾಡಿದರೂ ಅದಕ್ಕೆ ತಿಳಿಯುತ್ತದಂತೆ. ನ್ಯಾಯವಾಗಿ ಹೇಳಬೇಕೆಂದರೆ ಅವನ ಭಾಷಣದಲ್ಲಿ ಸುಳ್ಳೇನೂ ಇರಲಿಲ್ಲ. ಬಿಲ್ಡಿಂಗಿನ ಬಿಲ್ಲು ಮೂರನೇ ಒಂದು ಪಾಲು ಇಳಿಯಿತು. ಹತ್ತೊಂಬತ್ತು ವರ್ಷ ಚಾಂದಸಾಬನ ಮೊಣಕಾಲಿಗೆ ಬಡಿಯುತ್ತಿದ್ದ ಎ.ಸಿ. ಈಗ ಅವನೊಬ್ಬನಿಗೆ ಬೇಕಾದಷ್ಟೇ ತಂಪು ಕೊಡುತ್ತದೆ, ದೀಪ ಸೂಜಿಯ ತುದಿಗೇ ಬೀಳುತ್ತದೆ. ರಾಜನ ಪಟ್ಟಾಭಿಷೇಕ ಟೀವಿಯಲ್ಲಿ ಬಂದಾಗ ಕ್ಯಾಮೆರಾ ಅವನ ಬೆನ್ನು ತೋರಿಸಲೇ ಇಲ್ಲ. ಬೀಬೀಜಾನ ಟೀವಿಗೆ ಹಿಡಿಶಾಪ ಹಾಕಿದಳು.

ಮುಂದಿನ ತಿಂಗಳ ರಿಪೋರ್ಟು ಬಂದ ದಿನ ಸೇಠರು ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಚಾಂದಸಾಬನ ಕೈಗೇ ಕೊಟ್ಟರು. ನಾನೂರ ಏಳು, ದಿನಕ್ಕೆ ಎಂಟು ತಾಸು, ಒಬ್ಬರು ಹಾಜರು. ಚಾಂದಸಾಬ ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡ. ಮತ್ತೆ ತೆಗೆದು ನೋಡಿದ. ಅವತ್ತು ಅವನ ತೊಡೆಯ ಮೇಲೆ ಹಡಗಿನ ಕಪ್ತಾನನ ನೀಲಿ ಕೋಟಿತ್ತು. ಕೆಲಸ ಸಾಗಲಿಲ್ಲ, ಮನಸ್ಸು ಚುಚ್ಚತೊಡಗಿತು. ಎದ್ದು ಕೆಳಗಿಳಿದು ಸಚಿನನ ಮುಂದೆ ನಿಂತ.

"ಸಾಹೇಬ್ರ, ಇದರಾಗ ತಪ್ಪೈತಿ."

ಸಚಿನನ ಮುಖ ಕಳೆಗುಂದಿತು. "ಫಿರ್ ಸೇ? ಈಗ ಎಷ್ಟು ಕಮ್ಮಿ ತೋರಿಸ್ತು ಚಾಚಾ?"

"ಕಮ್ಮಿ ಅಲ್ಲರೀ, ಹೆಚ್ಚು. ಎಂಟು ತಾಸು ಅಂತ ಬರದೈತಿ. ನಾ ಖೋಲ್ಯಾಗ ಇದ್ದದ್ದು ಚಾ ಕುಡಿಯೂ ಹೊತ್ತಿನಾಗ ಅಷ್ಟ." ಚಾಂದಸಾಬ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಉಳದ ಹೊತ್ತೆಲ್ಲ ನಾ ಹಡಗಿನಾಗಿದ್ದೆ."

ಸಚಿನ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಆಮೇಲೆ ಇನ್ನೊಂದು ಕುರ್ಚಿಯನ್ನು ಚಾಂದಸಾಬನ ಕಡೆಗೆ ಎಳೆದು, ಅಪ್ಪನಿಂದ ಕಲಿತ ಕನ್ನಡವನ್ನೆಲ್ಲ ಒಟ್ಟುಮಾಡಿಕೊಂಡು ಕೇಳಿದ:

"ಹಡಗ ಯಾವ ಕಡೆ ಹೊಂಟಿತ್ತು, ಚಾಚಾ?"